ಶಲಾಕಾಪರೀಕ್ಷೆಯೂ ಇಂದಿನ ಸ್ಥಪತಿಯೂ

ಪರೀಕ್ಷೆಯೆಂಬ ಮಾತಿಗೆ ಸುತ್ತಲೂ ನೋಡುವುದು ಎಂದು ಅರ್ಥ. ‘ಪರಿ’ ಎಂಬ ಉಪಸರ್ಗವನ್ನೂ ‘ಈಕ್ಷ್’ ಎಂಬ ಧಾತುವನ್ನೂ ಬಲ್ಲ ಯಾವ ಬಾಲಕನಾದರೂ ಇದನ್ನು ಹೇಳಿಯಾನು. ಆದರೆ ಲೋಕವ್ಯವಹಾರದಲ್ಲಿ ಈ ಮಾತು ತನ್ನ ಅರ್ಥದಿಂದ ಜಾರಿ, ಬರಿಯ ಬಾಗಿಲು ಎಂಬಷ್ಟಕ್ಕೆ ಇಳಿದಿರುವುದು. ಬಾಗಿಲಿನಾಚೆಗೆ ಹೋದರೆ ಸಾಕು, ಹೇಗೆ ಹೋದನೆಂಬುದನ್ನು ಯಾರೂ ಕೇಳರು ಎಂಬ ಭಾವನೆ ಎಲ್ಲೆಲ್ಲಿಯೂ ಬೇರೂರಿದೆ. ಹೀಗಿರಲು, ಪರೀಕ್ಷೆಗೆ ಸಿದ್ಧನಾಗುವವನು ನಿಜವಾಗಿ ಯಾವುದಕ್ಕೆ ಸಿದ್ಧನಾಗುತ್ತಾನೆ? ಅಲ್ಲಿ ಬರತಕ್ಕ ಪ್ರಶ್ನೆಗಳಿಗೋ, ಆ ಪ್ರಶ್ನೆಗಳು ಯಾವ ಕೆಲಸದ ಗುರುತಾಗಿವೆಯೋ ಆ ಕೆಲಸಕ್ಕೋ? ಇದನ್ನು ಸ್ವಲ್ಪ ವಿಚಾರಿಸಿ ನೋಡಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ. ಶಾಲೆಯ ಮಕ್ಕಳ ವಿಷಯವಾಗಿ ಅಲ್ಲ. ಕೊಳ್ಳೇಗಾಲ, ಹನೂರು, ಯಳಂದೂರುಗಳಲ್ಲಿ ಈಗ ಬೆಂಗಳೂರಿನ ತಂತ್ರಾಂಶದ ಕಂಪೆನಿಗಳಲ್ಲಿ ದುಡಿಯುವ ಮಗನೋ ಮಗಳೋ ಇರುವ ಮನೆಗಳು ಅಪರೂಪವಲ್ಲ. ಮದುವೆಯಾಗಿ ಮಕ್ಕಳಾದ ಮೇಲೂ ಇವರು ಹಬ್ಬಕ್ಕೆ ಬಂದಾಗ ಪುಸ್ತಕ ಹಿಡಿದು ಕುಳಿತುಕೊಳ್ಳುವುದನ್ನು ಕಂಡು ಮನೆಯ ಹಿರಿಯರು ಬೆರಗಾಗುತ್ತಾರೆ. ಆ ಪರೀಕ್ಷೆಗಳ ಮಾತಿದು.

ತಂತ್ರಾಂಶವೆಂದರೆ ಗಣಕಯಂತ್ರಕ್ಕೆ ಕೊಡುವ ಆಜ್ಞೆಗಳ ಸಮೂಹ. ರೇಷ್ಮೆಯ ಮಗ್ಗವನ್ನು ಕಂಡ ನಮ್ಮ ಊರಿನವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಮಗ್ಗದ ಮೇಲೆ ಕಟ್ಟಿದ ಜಕಾರ್ಡಿನಲ್ಲಿ ತೂತು ಹೊಡೆದ ರಟ್ಟುಗಳ ಮಾಲೆಯೊಂದು ತಿರುಗುತ್ತದೆ. ತೂತಿದ್ದಲ್ಲಿ ಎಳೆ ಏಳುತ್ತದೆ, ಇಲ್ಲದಲ್ಲಿ ಏಳದು. ಹೀಗೆ ಸೆರಗಿನ ಹೂವು ಮೂಡುತ್ತದೆ. ಫ್ರಾನ್ಸ್ ದೇಶದ ಜಕಾರ್ಡನು 1804ರಲ್ಲಿ ಇದನ್ನು ರೂಪಿಸಿದನು. ಅನಂತರ ಇಂಗ್ಲೆಂಡಿನ ಬ್ಯಾಬೇಜನು ತಾನು ಕಲ್ಪಿಸಿದ ಗಣಿತಯಂತ್ರಕ್ಕೆ ಆ ರಟ್ಟುಗಳ ಉಪಾಯವನ್ನೇ ಎರವಲು ತೆಗೆದುಕೊಂಡನು. ಆದುದರಿಂದ ನಮ್ಮ ನೇಕಾರರು ಇಂದಿನ ಗಣಕಶಾಸ್ತ್ರಜ್ಞರಿಗೆ ದೂರದ ದಾಯಾದಿಗಳೇ ಆಗಬೇಕು!

ಆಜ್ಞೆಗಳನ್ನು ಬರೆಯುವವರು ಅನೇಕರು. ಅವೆಲ್ಲ ಸೇರಿ ಆಗುವ ಕಟ್ಟೋಣ ಹೇಗಿರಬೇಕು, ಒಂದು ಕಂಬ ಬಿದ್ದರೆ ಉಳಿದುದು ನಿಂತೀತೆ, ನೂರು ಜನರಿಗೆಂದು ಕಟ್ಟಿದಲ್ಲಿ ಲಕ್ಷ ಜನ ನುಗ್ಗಿದರೆ ಗತಿಯೇನು, ಇಷ್ಟಕ್ಕೂ ಹಣವೆಷ್ಟು ಹಿಡಿದೀತು ಎಂಬುದನ್ನು ಮುಂಚಿತವಾಗಿ ನಿರ್ಣಯಿಸತಕ್ಕವನಿಗೆ ‘ಆರ್ಕಿಟೆಕ್ಟ್’ ಎಂದು ಹೆಸರು. ಮಯಮತವೇ ಮೊದಲಾದ ನಮ್ಮ ಶಿಲ್ಪಗ್ರಂಥಗಳು ಕಟ್ಟುವವರನ್ನು ಸ್ಥಪತಿ, ಸೂತ್ರಗ್ರಾಹಿ, ತಕ್ಷಕ, ವರ್ಧಕಿ ಎಂದು ನಾಲ್ವರಾಗಿ ವಿಂಗಡಿಸಿವೆಯಷ್ಟೆ. ಅವರಲ್ಲಿ ಮೊದಲನೆಯವನ ಸ್ಥಾನ ಇವನದು. ಆದುದರಿಂದ ಇವನನ್ನು ಸ್ಥಪತಿಯೆಂದೇ ಕರೆಯುತ್ತೇನೆ.

ಈ ಸ್ಥಪತಿಗಳಿಗೆ ಯೋಗ್ಯತಾಪತ್ರ ಕೊಡುವ ಸಂಸ್ಥೆಗಳು ಹಲವು. ಅಮೆಜಾನ್ ವೆಬ್ ಸರ್ವಿಸಸ್ ಎಂಬ ಕಂಪೆನಿಯವರು ‘ಸಲ್ಯೂಷನ್ಸ್ ಆರ್ಕಿಟೆಕ್ಟ್ – ಪ್ರೊಫೆಷನಲ್’ ಎಂಬ ಪರೀಕ್ಷೆಯನ್ನು ನಡೆಸುತ್ತಾರೆ. 180 ನಿಮಿಷ, 75 ಪ್ರಶ್ನೆಗಳು. 1000ದ ಮಾನದಲ್ಲಿ 750 ಬಂದರೆ ತೇರ್ಗಡೆ. ಶುಲ್ಕ 300 ಡಾಲರ್. ಪತ್ರದ ಆಯುಸ್ಸು 3 ವರ್ಷ. ಮೂರು ವರ್ಷಕ್ಕೆ ವಿದ್ವತ್ತು ಮುಗಿದುಹೋಗುವ ಪದವಿಯೂ ಉಂಟೆ ಎಂದು ಪಾಠಶಾಲೆಯಲ್ಲಿ ಓದಿದ ನನ್ನಂಥವನಿಗೆ ಮೊದಲು ನಗು ಬರುವುದು ಸಹಜ. ವ್ಯಾಕರಣದಲ್ಲಿ ಒಮ್ಮೆ ವಿದ್ವಾನ್ ಆದವನು ಸಾಯುವವರೆಗೂ ವಿದ್ವಾನ್. ಆದರೆ ಪಾಣಿನಿಯ ಸೂತ್ರಗಳು ಎರಡು ಸಾವಿರ ವರ್ಷಗಳಿಗೂ ಮಿಕ್ಕಿ ಅಲುಗಾಡಿಲ್ಲ. ಇವರ ಶಾಸ್ತ್ರವೋ ವರ್ಷಕ್ಕೊಮ್ಮೆ ಪೊರೆ ಬಿಡುತ್ತದೆ. ವ್ಯಾಪಾರದ ದೃಷ್ಟಿಯೂ ಅದರಲ್ಲಿ ಇದ್ದೇ ಇದೆ. ಆದರೂ ಈ ಅವಧಿಯ ನಿಯಮ ನ್ಯಾಯವಾದುದೆಂದೇ ನನಗೆ ತೋರುತ್ತದೆ.

ಈ ಪರೀಕ್ಷೆಯ ಎರಡು ಅಂಶಗಳು ನನ್ನ ಮನಸ್ಸನ್ನು ವಿಶೇಷವಾಗಿ ಸೆಳೆದುವು. 75 ಪ್ರಶ್ನೆಗಳಲ್ಲಿ 10ಕ್ಕೆ ಅಂಕಗಳೇ ಇಲ್ಲ; ಅವು ಮುಂದಿನ ಪರೀಕ್ಷೆಗಳಿಗಾಗಿ ಇವರ ಮೇಲೆ ಪ್ರಯೋಗಿಸಿ ನೋಡುವ ಪ್ರಶ್ನೆಗಳು. ಆ ಹತ್ತು ಯಾವುವೆಂಬುದನ್ನು ಮಾತ್ರ ಹೇಳುವುದಿಲ್ಲ. ಫಲವಿಲ್ಲದ ಪ್ರಶ್ನೆಯನ್ನೂ ಫಲವುಳ್ಳ ಪ್ರಶ್ನೆಯಷ್ಟೇ ಶ್ರದ್ಧೆಯಿಂದ ಉತ್ತರಿಸದೆ ಗತಿಯಿಲ್ಲ. ಗೀತೆಯ ಕರ್ಮಯೋಗವನ್ನು ವ್ಯಾಪಾರದ ಕಂಪೆನಿಯೊಂದು ತಿಳಿಯದೆಯೇ ಆಚರಣೆಗೆ ತಂದಿರುವುದನ್ನು ಕಂಡು ನನಗೆ ಸಂತೋಷವಾಯಿತು. ಇನ್ನೊಂದು, ‘ದಿ ಓಪನ್ ಗ್ರೂಪ್’ ಎಂಬ ಸಂಸ್ಥೆಯವರು 1995ರಲ್ಲಿ ಹೊರತಂದ ‘ಟೋಗಾಫ್’ ಎಂಬ ಪದ್ಧತಿಗೆ ಸಂಬಂಧಿಸಿದುದು. ಅದರ ಪರೀಕ್ಷೆಯ ಎರಡನೆಯ ಭಾಗದಲ್ಲಿ ಎಂಟೇ ಪ್ರಶ್ನೆಗಳು. ಒಂದೊಂದೂ ಒಂದು ಸಂಸ್ಥೆಯ ಕಷ್ಟಸ್ಥಿತಿಯ ಕಥೆ. ಗ್ರಂಥವನ್ನು ತೆರೆದುಕೊಂಡೇ ಬರೆಯಬಹುದು. ನಾಲ್ಕು ಉತ್ತರಗಳಲ್ಲಿ ಉತ್ತಮಕ್ಕೆ 5 ಅಂಕ, ಅದರ ಕೆಳಗಿನದಕ್ಕೆ 3, ಅದಕ್ಕೂ ಕೆಳಗಿನದಕ್ಕೆ 1, ಕೊನೆಯದಕ್ಕೆ ಸೊನ್ನೆ. ಲೋಕದಲ್ಲಿ ನಾವು ಮಾಡಬೇಕಾದ ನಿರ್ಣಯಗಳೆಲ್ಲ ಬಹುಮಟ್ಟಿಗೆ ಈ ಜಾತಿಯವೇ ಅಲ್ಲವೆ? ಸರಿ, ತಪ್ಪು ಎಂಬ ಎರಡೇ ಮನೆಗಳನ್ನು ಮಾಡಿ ಮಕ್ಕಳನ್ನು ಅವುಗಳೊಳಕ್ಕೆ ತಳ್ಳುವ ನಮ್ಮ ಶಾಲೆಗಳ ಪದ್ಧತಿಗಿಂತ ಇದು ಧರ್ಮಶಾಸ್ತ್ರದ ರೀತಿಗೆ ಹತ್ತಿರವಾಗಿದೆ.

ಇನ್ನು ಪ್ರಕೃತ ವಿಷಯ. ನನ್ನ ಬಳಿ ಸಂಸ್ಕೃತ ಓದಿದ ಹುಡುಗನೊಬ್ಬನು, ನೇಯ್ಗೆಯ ಮನೆತನದವನು, ಬೆಂಗಳೂರಿನಲ್ಲಿದ್ದಾನೆ. ಅವನ ಕಂಪೆನಿಯಲ್ಲಿ ಇಂಥದೊಂದು ಪತ್ರವನ್ನು ಈ ವರ್ಷದೊಳಗೆ ಪಡೆಯಲೇಬೇಕೆಂದು ಕಟ್ಟುಮಾಡಿದ್ದಾರೆ. ಪಡೆಯದವರನ್ನು ಕೆಲಸ ಕೊಡದೆ ಕೂರಿಸುತ್ತಾರೆ. ಕೂತವರನ್ನು ಕೆಲವು ತಿಂಗಳಲ್ಲಿ ಮನೆಗೆ ಕಳುಹಿಸುತ್ತಾರೆ. ತಂದೆಯ ಕಣ್ಣು ಮಂಜಾಗಿ ಮಗ್ಗ ನಿಂತಿದೆ. ತಂಗಿಯ ಓದಿನ ಸಾಲದ ಕಂತು ತಿಂಗಳು ತಿಂಗಳೂ ಇವನ ಸಂಬಳದಿಂದ ಹೋಗಬೇಕು. ಇವನೊಡನೆ ಇರುವವರು ಆರಿಸಿಕೊಂಡಿರುವ ಸುಲಭಮಾರ್ಗಕ್ಕೆ ‘ಡಂಪ್’ ಎಂದು ಹೆಸರು. (ಪೇಟೆಯಲ್ಲಿ ಕಸ ಸುರಿಯುವ ಜಾಗಕ್ಕೂ ಅದೇ ಹೆಸರಿರುವುದು ಆಕಸ್ಮಿಕವಿರಲಾರದು.) ಪರೀಕ್ಷೆ ಬರೆದು ಬಂದವರು ನೆನಪಿನಿಂದ ಹೇಳಿದ ಪ್ರಶ್ನೆಗಳನ್ನು ಉತ್ತರಸಹಿತವಾಗಿ ಒಟ್ಟುಮಾಡಿ ಮಾರುತ್ತಾರೆ, ಕೆಲವು ನೂರು ಪ್ರಶ್ನೆಗಳನ್ನು ಉರು ಹೊಡೆದರೆ, ಅವುಗಳಲ್ಲಿಯೇ ಬೇಕಾದಷ್ಟು ಮತ್ತೆ ಬರುತ್ತವೆ. “ಮೇಷ್ಟ್ರೇ, ಎಲ್ಲರೂ ಹೀಗೇ ಮಾಡುತ್ತಾರೆ. ನಾನೊಬ್ಬ ಮಾಡದೆ ನಪಾಸಾದರೆ ನಷ್ಟ ನಮ್ಮ ಮನೆಗೆ, ಮಾಡಿ ಪಾಸಾದರೆ ನಷ್ಟ ಯಾರಿಗೆ, ನೀವೇ ಹೇಳಿ” ಎಂದು ಅವನು ಕೇಳಿದನು. ತುಂಟತನದಿಂದ ಕೇಳಿದುದಲ್ಲ; ನಿದ್ದೆಗೆಟ್ಟವನ ಮುಖ ಅವನದು.

ಮೊದಲು ಅವನ ಪಕ್ಷದಲ್ಲಿ ಹೇಳಬಹುದಾದುದನ್ನು ಹೇಳಿಬಿಡಬೇಕು; ಪೂರ್ವಪಕ್ಷವನ್ನು ಬಲವಾಗಿ ನಿಲ್ಲಿಸದೆ ಸಿದ್ಧಾಂತಕ್ಕೆ ಹಾರುವುದು ನಮ್ಮ ಶಾಸ್ತ್ರಕಾರರ ರೀತಿಯಲ್ಲ. “ನಮ್ಮಿಂದ ಹಳೆಯ ಪ್ರಶ್ನಪತ್ರಿಕೆಗಳನ್ನು ನೀವೇ ಬಿಡಿಸಿಸಲಿಲ್ಲವೆ?” ಎಂದನು. ಬಿಡಿಸಿಸಿದ್ದುಂಟು. ಆದರೆ ಅವು ಪರೀಕ್ಷಕರೇ ಬಹಿರಂಗಪಡಿಸಿದ ಪತ್ರಿಕೆಗಳು. ಇವೋ, ಯಾರಿಗೂ ತಿಳಿಸುವುದಿಲ್ಲವೆಂದು ಒಪ್ಪಂದಕ್ಕೆ ಸಮ್ಮತಿಯಿತ್ತು ಒಳಹೊಕ್ಕವರು ಹೊರಗೆ ಬಂದು ಮಾರಿದವು. ಮಾರುವವನು ಮಾತಿಗೆ ತಪ್ಪಿದನು. ಕೊಳ್ಳುವವನು ಆ ತಪ್ಪಿಗೆ ಬೆಲೆ ಕಟ್ಟಿದನು. ಇದು ಸುಲಭವಾಗಿ ತೀರುವ ಆಕ್ಷೇಪ. ಅವನ ಎರಡನೆಯ ಆಕ್ಷೇಪ ಹೆಚ್ಚು ತೀಕ್ಷ್ಣವಾಗಿತ್ತು. “ಪಾಠಶಾಲೆಯಲ್ಲಿ ನೀವು ಮಾಡಿದುದು ಏನು? ಅರ್ಥ ತಿಳಿಯುವ ಮೊದಲೇ ಅಮರಕೋಶ, ಶಬ್ದಮಂಜರಿ ಎಲ್ಲವನ್ನೂ ಉರು ಹೊಡೆಯಲಿಲ್ಲವೆ? ನೀವು ಮಾಡಿದರೆ ಅಧ್ಯಯನ, ನಾವು ಮಾಡಿದರೆ ಕಳ್ಳತನವೆ?”

ಉರು ಹೊಡೆಯುವುದು ಪಾಪವೆಂದು ಈಚಿನ ಶಿಕ್ಷಣತಜ್ಞರು ಹೇಳುವುದನ್ನು ನಾನು ಒಪ್ಪತಕ್ಕವನಲ್ಲ. ಕಂಠಸ್ಥವಾದುದು ಮನಸ್ಸಿನಲ್ಲಿ ಬಿತ್ತಿದ ಬೀಜ; ಅದು ಎಂದು ಮೊಳೆಯುವುದೆಂದು ಹೇಳಬರುವುದಿಲ್ಲ. ಆದರೆ ಪಾಠಶಾಲೆಯಲ್ಲಿ ನಾವು ಕಂಠಸ್ಥ ಮಾಡಿದುದು ಮೂಲವನ್ನು, ಉತ್ತರವನ್ನಲ್ಲ. ಮೂಲವು ಯಾವ ಪ್ರಶ್ನೆಯನ್ನೂ ಎದುರಿಸಲು ಸಾಮಗ್ರಿ. ಉತ್ತರವು ಒಂದೇ ಪ್ರಶ್ನೆಯ ಕೀಲಿಕೈ, ಬೀಗ ಬದಲಾದರೆ ಅದು ಬರಿಯ ಕಬ್ಬಿಣ. ಈ ಭೇದವನ್ನು ಹಿಂದಿನವರು ಎಷ್ಟು ಚೆನ್ನಾಗಿ ಬಲ್ಲವರಾಗಿದ್ದರೆಂಬುದಕ್ಕೆ ಶಲಾಕಾಪರೀಕ್ಷೆಯೇ ಸಾಕ್ಷಿ.

ಮಿಥಿಲೆಯ ನ್ಯಾಯಪಾಠಶಾಲೆಗಳಲ್ಲಿ ಪ್ರಸಿದ್ಧವಾಗಿದ್ದ ಈ ಪರೀಕ್ಷೆಯ ಹೆಸರನ್ನು ಸಂಸ್ಕೃತದ ಸ್ಪರ್ಧೆಗಳಲ್ಲಿ ಇಂದಿಗೂ ಕೇಳುತ್ತೇವೆ. ಶಲಾಕೆಯೆಂದರೆ ಕಡ್ಡಿ ಅಥವಾ ಸೂಜಿ. ತಾಳೆಗರಿಯ ಗ್ರಂಥವನ್ನು ಪರೀಕ್ಷಕನು ಕೈಗೆ ತೆಗೆದುಕೊಂಡು ಕಡ್ಡಿಯನ್ನು ಎಲ್ಲಿಯಾದರೂ ತೂರಿಸುತ್ತಾನೆ. ಅದು ಯಾವ ಗರಿಯನ್ನು ಮುಟ್ಟಿತೋ ಆ ಗರಿಯಲ್ಲಿರುವುದನ್ನು ವಿದ್ಯಾರ್ಥಿಯು ಅಲ್ಲಿಯೇ ವಿವರಿಸಬೇಕು. ಇಲ್ಲಿ ಪ್ರಶ್ನೆ ಯಾವುದೆಂದು ಪರೀಕ್ಷಕನಿಗೇ ಗೊತ್ತಿಲ್ಲ. ಮೇಲಾಗಿ ಗುಟ್ಟೆಂಬುದೇ ಇಲ್ಲ, ಗ್ರಂಥ ಎಲ್ಲರೆದುರಿಗೂ ತೆರೆದಿದೆ. ಗುಟ್ಟಿಲ್ಲದಲ್ಲಿ ಕದಿಯತಕ್ಕದ್ದೇನು? ಇಂದಿನ ಪರೀಕ್ಷೆಯಲ್ಲಿ ಗಣಕಯಂತ್ರವು ಭಂಡಾರದಿಂದ ಪ್ರಶ್ನೆಗಳನ್ನು ಆರಿಸಿ ಕೊಡುವುದೂ ಶಲಾಕೆಯ ಅನುಕರಣವೇ ಸರಿ. ಆದರೆ ಭಂಡಾರಕ್ಕೆ ಬೀಗ ಹಾಕಬೇಕಾಗಿ ಬಂದಿದೆ, ಬೀಗವಿದ್ದಲ್ಲಿ ಕನ್ನವೂ ಬರುತ್ತದೆ. ಟೋಗಾಫಿನವರು ಗ್ರಂಥವನ್ನು ತೆರೆದಿಡಲು ಒಪ್ಪಿದುದು ಈ ದೃಷ್ಟಿಯಿಂದ ವಿವೇಕದ ಕೆಲಸ.

ಪರೀಕ್ಷಾಮಂದಿರದ ಮಾತು ಹಾಗಿರಲಿ. ಸ್ಥಪತಿಯ ನಿಜವಾದ ಕೆಲಸವೇ ಒಂದು ಮುಗಿಯದ ಶಲಾಕಾಪರೀಕ್ಷೆ. ಶಿವನಸಮುದ್ರದಲ್ಲಿ ಕಾವೇರಿಗೆ ಅಡ್ಡಲಾಗಿ ರಾಮಸ್ವಾಮಿ ಮೊದಲಿಯಾರರು 19ನೆಯ ಶತಮಾನದ ಪೂರ್ವಾರ್ಧದಲ್ಲಿ ಕಟ್ಟಿಸಿದ ಕಲ್ಲುಕಂಬಗಳ ಸೇತುವೆಯನ್ನು, ಜನರು ವೆಸ್ಲಿ ಸೇತುವೆಯೆನ್ನುವುದನ್ನು, ನಮ್ಮ ಕಡೆಯ ಅನೇಕರು ಕಂಡಿದ್ದಾರೆ. ನದಿಯು ಪ್ರತಿ ಮಳೆಗಾಲದಲ್ಲಿಯೂ ತನಗೆ ತೋರಿದ ಕಂಬದ ಬುಡಕ್ಕೆ ಕಡ್ಡಿ ಹಾಕಿ ಕೇಳಿತು. ಸುಮಾರು ಇನ್ನೂರು ವರ್ಷ ಸೇತುವೆಯು ಉತ್ತರ ಹೇಳಿತು. 2018ರ ಪ್ರವಾಹದಲ್ಲಿ ಒಂದು ಭಾಗ ಕೊಚ್ಚಿಹೋಯಿತು. ಯಾವ ಕಂಬವನ್ನು ಕೇಳುವೆನೆಂದು ನದಿಯು ಮುಂಚಿತವಾಗಿ ಯಾರಿಗೂ ಹೇಳಲಿಲ್ಲ. 2024ರ ಜುಲೈ 19ರಂದು ಒಂದು ರಕ್ಷಣಾ ತಂತ್ರಾಂಶದಲ್ಲಿ ಮಾಡಿದ ಒಂದು ಸಣ್ಣ ಬದಲಾವಣೆಯಿಂದ ಲೋಕದಾದ್ಯಂತ ಸುಮಾರು 85 ಲಕ್ಷ ಗಣಕಯಂತ್ರಗಳು ನಿಂತುಹೋಗಿ, ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಕೈಯಿಂದ ಬರೆದ ಚೀಟಿ ಕೊಡಬೇಕಾಯಿತು. ಅದು ಪತ್ರವಿಲ್ಲದವರಿಂದ ಆಯಿತು, ಪತ್ರವಿದ್ದವರಿಂದ ಆಯಿತು ಎಂದು ನಾನು ಹೇಳಹೊರಟಿಲ್ಲ. ಕಡ್ಡಿ ಎಲ್ಲಿ ಮುಟ್ಟುತ್ತದೆಯೆಂಬುದು ನಮ್ಮ ಕೈಯಲ್ಲಿಲ್ಲವೆಂದಷ್ಟೇ ಅಭಿಪ್ರಾಯ.

“ನಷ್ಟ ಯಾರಿಗೆ?” ಎಂಬ ಅವನ ಪ್ರಶ್ನೆಗೆ ಇಲ್ಲಿ ಉತ್ತರವಿದೆ. ಹನೂರಿನ ಮಲೆಯ ಪೋಡಿನಿಂದ ನಸುಕಿನಲ್ಲಿಯೇ ಇಳಿದುಬಂದ ಮುದುಕಿಯೊಬ್ಬಳು ಪಡಿತರದ ಅಂಗಡಿಯ ಮುಂದೆ ಸರದಿಯಲ್ಲಿ ನಿಂತು ಬೆರಳನ್ನು ಯಂತ್ರದ ಮೇಲೆ ಇಡುತ್ತಾಳೆ. “ಸರ್ವರ್ ಇಲ್ಲ ಕಣಜ್ಜಿ, ನಾಳೆ ಬಾ” ಎನ್ನುತ್ತಾನೆ ಅಂಗಡಿಯವನು. ಸರ್ವರ್ ಎಂಬುದು ಮನುಷ್ಯನೋ ದೇವರೋ ಅವಳಿಗೆ ತಿಳಿಯದು. ಆ ದಿನದ ಕೂಲಿ ಹೋಯಿತು, ಅಕ್ಕಿಯೂ ಬರಲಿಲ್ಲ. ಎಷ್ಟೋ ದೂರದ ಊರಿನಲ್ಲಿ ಯಾವನೋ ಒಬ್ಬನು ಒಂದೇ ಕಂಬದ ಮೇಲೆ ಮಾಳಿಗೆ ನಿಲ್ಲಿಸಿದ್ದರೆ ಅದರ ಭಾರ ಬಿದ್ದುದು ಇವಳ ತಲೆಯ ಮೇಲೆ. ಅವನಿಗೂ ಇವಳಿಗೂ ಮುಖಪರಿಚಯವಿಲ್ಲ. ಹಳೆಯ ಕಾಲದ ಬಡಗಿಯು ತಾನು ಮಾಡಿದ ನೊಗ ಮುರಿದರೆ ಮಾರನೆಯ ದಿನ ಆ ರೈತನ ಮುಖ ನೋಡಬೇಕಾಗಿತ್ತು. ಈ ಸ್ಥಪತಿಗೆ ಅಂಥ ಭಯವಿಲ್ಲ. ಯೋಗ್ಯತಾಪತ್ರವು ಆ ನಾಚಿಕೆಯ ಸ್ಥಾನದಲ್ಲಿ ನಿಂತಿದೆ. ಮುಖ ಕಾಣದವರ ಪರವಾಗಿ ಒಬ್ಬನು “ಇವನನ್ನು ಸುತ್ತಲೂ ನೋಡಿದ್ದೇವೆ” ಎಂದು ಬರೆದುಕೊಡುವ ಮಾತು ಅದು. ಅದನ್ನು ಹುಸಿಮಾಡಿದವನು ವಂಚಿಸುವುದು ಕಂಪೆನಿಯನ್ನಲ್ಲ. ಕಂಪೆನಿ ತನ್ನನ್ನು ತಾನು ನೋಡಿಕೊಳ್ಳಬಲ್ಲುದು.

ಇಷ್ಟು ಹೇಳಿದರೂ ಸಾಲದ ಕಂತು ನಿಲ್ಲುವುದಿಲ್ಲವಷ್ಟೆ. ಹೊಟ್ಟೆ ತುಂಬಿದವನು ಹಸಿದವನಿಗೆ ಧರ್ಮ ಹೇಳುವುದರಲ್ಲಿ ಒಂದು ಅಸಹ್ಯವಿದೆ. ನಿವೃತ್ತಿವೇತನ ಬರುವ ನಾನು ಅದನ್ನು ಮರೆಯಬಾರದು. ಆಪತ್ತಿನಲ್ಲಿ ಧರ್ಮವು ಸಡಿಲವಾಗುವುದನ್ನು ನಮ್ಮವರೇ ಒಪ್ಪಿದ್ದಾರೆ; ಶಾಂತಿಪರ್ವದಲ್ಲಿ ಆಪದ್ಧರ್ಮಕ್ಕೆಂದೇ ಒಂದು ಭಾಗವಿದೆ. ಹಾಗಾದರೆ ಡಂಪ್ ಎಂಬುದು ಆಪದ್ಧರ್ಮವಾಗಬಾರದೇಕೆ?

ಛಾಂದೋಗ್ಯೋಪನಿಷತ್ತಿನ ಉಷಸ್ತಿ ಚಾಕ್ರಾಯಣನ ಕಥೆ ಇದಕ್ಕೆ ನೆನಪಿಗೆ ಬರುತ್ತದೆ. ಆಲಿಕಲ್ಲಿನಿಂದ ಕುರುದೇಶದ ಪೈರೆಲ್ಲ ಹಾಳಾಗಿರಲು, ಉಷಸ್ತಿಯು ಹೆಂಡತಿಯೊಡನೆ ಒಂದು ಹಳ್ಳಿಯಲ್ಲಿ ದಿಕ್ಕಿಲ್ಲದೆ ಇದ್ದನು. ಆನೆಗಾರನೊಬ್ಬನು ಕಾಳು ತಿನ್ನುತ್ತಿದ್ದನು. ಅವನ ಎಂಜಲು ಕಾಳನ್ನೇ ಬೇಡಿ ತಿಂದನು. ಆನೆಗಾರನು ನೀರನ್ನೂ ಕೊಡಬಂದರೆ, ಅದು ಎಂಜಲು, ಬೇಡವೆಂದನು. ಕಾಳು ಎಂಜಲಲ್ಲವೆ ಎಂದು ಅವನು ಕೇಳಿದುದಕ್ಕೆ, ಕಾಳು ತಿನ್ನದಿದ್ದರೆ ಬದುಕುತ್ತಿರಲಿಲ್ಲ, ನೀರು ಬೇಕಾದಲ್ಲಿ ಸಿಗುತ್ತದೆ ಎಂದನು. ಆಪತ್ತು ಎಷ್ಟು ದೂರವಿದೆಯೋ ಅಷ್ಟೇ ದೂರ ಸಡಿಲಿಕೆ; ಅದರಾಚೆಗೆ ಒಂದು ಗುಟುಕೂ ಇಲ್ಲ. ಸಾಧಾರಣವಾಗಿ ಪುರಾಣಿಕರು ಕಥೆಯನ್ನು ಇಲ್ಲಿಗೇ ಮುಗಿಸುತ್ತಾರೆ. ಮುಂದಿನ ಭಾಗ ನಮಗೆ ಇನ್ನೂ ಹೆಚ್ಚು ಬೇಕಾದುದು. ಮರುದಿನ ಬೆಳಿಗ್ಗೆ, ಹೆಂಡತಿ ತೆಗೆದಿಟ್ಟಿದ್ದ ಅದೇ ಎಂಜಲು ಕಾಳನ್ನು ತಿಂದು, ಅವನು ರಾಜನ ಯಾಗಕ್ಕೆ ಹೋದನು. ಅಲ್ಲಿ ಹಾಡಲು ಕುಳಿತಿದ್ದ ಮೂವರು ಋತ್ವಿಜರನ್ನು ಒಬ್ಬೊಬ್ಬರಾಗಿ ಕುರಿತು, ನೀನು ಹಾಡುವ ಸಾಮದ ದೇವತೆ ಯಾರೆಂದು ಅರಿಯದೆ ಹಾಡಿದರೆ ನಿನ್ನ ತಲೆ ಉರುಳೀತೆಂದನು. ಮೂವರೂ ಹಾಡು ನಿಲ್ಲಿಸಿ ಸುಮ್ಮನಾದರು.

ಅನ್ನದ ವಿಷಯದಲ್ಲಿ ಅಷ್ಟು ಸಡಿಲವಾದವನು ಅರಿವಿನ ವಿಷಯದಲ್ಲಿ ಇಷ್ಟು ಕಠಿನನಾದುದೇಕೆ? ಎಂಜಲು ತಿಂದರೆ ಕೆಡುವುದು ತಿಂದವನ ಶುದ್ಧಿ, ಅದು ಅವನೊಬ್ಬನ ಲೆಕ್ಕ. ಅರಿಯದೆ ಹಾಡಿದರೆ ಕೆಡುವುದು ಯಜಮಾನನ ಯಾಗ. ಆಪದ್ಧರ್ಮವು ನನ್ನದನ್ನು ನಾನು ಬಿಟ್ಟುಕೊಡಲು ಅನುಮತಿ; ಇನ್ನೊಬ್ಬನದನ್ನು ಅವನಿಗೆ ತಿಳಿಯದಂತೆ ಪಣಕ್ಕಿಡಲು ಅಲ್ಲ. ಅನಂತರ ಉಷಸ್ತಿಯು ಅವರನ್ನು ಓಡಿಸಿ ಅವರ ಸ್ಥಾನವನ್ನು ಕಸಿದುಕೊಳ್ಳಲಿಲ್ಲ. ಅವರೇ ಹಾಡಲಿ, ಅವರಿಗೆ ಕೊಡುವಷ್ಟನ್ನೇ ತನಗೂ ಕೊಡು ಎಂದು ರಾಜನಿಗೆ ಹೇಳಿ, ಕೇಳಿದವರಿಗೆ ದೇವತೆಗಳನ್ನು ತಿಳಿಸಿಕೊಟ್ಟನು. ಮೂರನೆಯ ದೇವತೆ ಯಾವುದೆಂದಿರಿ? ಅನ್ನ! ಹಸಿದವನ ಬಾಯಲ್ಲಿಯೇ ಆ ಉತ್ತರವನ್ನು ಇಟ್ಟ ಋಷಿಯ ರಸಿಕತೆಗೆ ನಾನು ಮಾರುಹೋಗಿದ್ದೇನೆ.

ಹುಡುಗನಿಗೆ ಈ ಕಥೆಯನ್ನು ಹೇಳಿದೆನು. ಕಂಪೆನಿಗೆ ಬರೆದು ಮೂರು ತಿಂಗಳ ಅವಕಾಶ ಕೇಳೆಂದೂ ಹೇಳಿದೆನು. ನೀರು ಬೇಕಾದಲ್ಲಿ ಸಿಗುವುದೋ ಇಲ್ಲವೋ ಎಂಬುದನ್ನು ಕೇಳಿಯೇ ತಿಳಿಯಬೇಕಲ್ಲವೆ? ಕೇಳಿದನು, ಎರಡು ತಿಂಗಳು ಕೊಟ್ಟರು. ಇಲ್ಲಿ ಕಂಪೆನಿಯವರಿಗೂ ಒಂದು ಮಾತು ಸಲ್ಲುತ್ತದೆ. ಓದಲು ಹೊತ್ತು ಕೊಡದೆ ಪತ್ರವನ್ನು ಮಾತ್ರ ಕೇಳುವವರು ಡಂಪ್ ಮಾರುವವನ ಮೌನದ ಪಾಲುಗಾರರು.

ಅಂದಿನಿಂದ ಅವನು ರಜೆ ಸಿಕ್ಕಿದಾಗಲೆಲ್ಲ ಊರಿಗೆ ಬಂದು ಓದುತ್ತಾನೆ. ಓದುವ ರೀತಿಯೂ ಬದಲಾಗಿದೆ. ಆ ಶಾಸ್ತ್ರದ ಮೂಲಗ್ರಂಥಗಳನ್ನು ಕಂಪೆನಿಗಳೇ ಯಾರು ಬೇಕಾದರೂ ಓದುವಂತೆ ಇಟ್ಟಿವೆಯಂತೆ. ಅವನ್ನು ಅಧ್ಯಾಯ ಅಧ್ಯಾಯವಾಗಿ ಓದುತ್ತಾನೆ. ಅನಂತರ ತಾನೇ ಒಂದು ಸಮಸ್ಯೆಯನ್ನು ಮಾಡಿಕೊಂಡು ಬಿಡಿಸುತ್ತಾನೆ. ಮಲೆ ಮಹದೇಶ್ವರ ಬೆಟ್ಟದಲ್ಲಿ ದೀಪಾವಳಿಯ ಜಾತ್ರೆಗೆ ಕೊಠಡಿಗಳನ್ನು ಗಣಕಯಂತ್ರದ ಮೂಲಕ ಕಾದಿರಿಸುವ ಏರ್ಪಾಡನ್ನು ತಾನು ಕಟ್ಟಬೇಕಾದರೆ ಹೇಗೆಂದು ಒಂದು ಸಂಜೆ ನಮ್ಮ ಜಗಲಿಯ ಮೇಲೆ ಗೀರಿ ತೋರಿಸಿದನು. ವರ್ಷದ ಬಹುದಿನ ಕೆಲವೇ ಜನ. ಜಾತ್ರೆಯ ದಿನ ಒಮ್ಮೆಗೇ ಪ್ರವಾಹ. ಪ್ರವಾಹಕ್ಕೆ ತಕ್ಕಂತೆ ಕಟ್ಟಿದರೆ ವರ್ಷವೆಲ್ಲ ಹಣ ವ್ಯರ್ಥ, ಇಲ್ಲದಿದ್ದರೆ ಜಾತ್ರೆಯ ದಿನ ಕುಸಿತ. ದಾಸೋಹದ ಮನೆಯಲ್ಲಿ ಏನು ಮಾಡುತ್ತಾರೆಂದು ನಾನು ಕೇಳಿದೆನು. ಅವನು ನಕ್ಕು, “ಅದೇ ಮೇಷ್ಟ್ರೇ, ಬಂದವರನ್ನು ಹೊರಗೆ ಸರದಿಯಲ್ಲಿ ಕೂರಿಸಿ, ಪಂಕ್ತಿ ಪಂಕ್ತಿಯಾಗಿ ಒಳಗೆ ಬಿಡುವುದು. ನಮ್ಮ ಶಾಸ್ತ್ರದಲ್ಲಿಯೂ ಅದಕ್ಕೆ ಸರದಿ ಎಂದೇ ಹೆಸರು” ಎಂದನು.

ಇನ್ನೊಂದು ದಿನ ಯಳಂದೂರಿಗೆ ಹೋಗಿದ್ದೆವು. ಗೌರೀಶ್ವರ ದೇವಾಲಯದ ಬಳೆಮಂಟಪದಲ್ಲಿ ಒಂದೇ ಕಲ್ಲಿನಿಂದ ಕಡೆದ ಬಳೆಗಳ ಸರಪಣಿಯನ್ನು ತೋರಿಸಿ, ಇಂಥ ಸ್ಥಪತಿ ನೀನಾಗಬೇಕಪ್ಪಾ ಎಂದೆನು. ಅವನು ತಲೆ ಕೆರೆದುಕೊಂಡನು. ಅವರ ಶಾಸ್ತ್ರದಲ್ಲಿ ಎಲ್ಲವೂ ಒಂದರೊಳಗೊಂದು ಸೇರಿಕೊಂಡಿರುವ ಕಟ್ಟೋಣಕ್ಕೆ ‘ಮಾನೊಲಿತ್’ ಎಂದು ಹೆಸರಂತೆ. ಗ್ರೀಕ್ ಭಾಷೆಯಲ್ಲಿ ಅದಕ್ಕೆ ಏಕಶಿಲೆಯೆಂದೇ ಅರ್ಥ. ಒಂದು ಬಳೆ ಒಡೆದರೆ ಅದನ್ನು ಮಾತ್ರ ಬದಲಿಸಲು ಬಾರದೆಂದು ಪರೀಕ್ಷೆಯಲ್ಲಿ ಅದನ್ನು ಬಹಳ ಮಟ್ಟಿಗೆ ಹಳಿಯುತ್ತಾರಂತೆ. ನಾನು ಬಳೆಮಂಟಪದ ಪಕ್ಷ ವಹಿಸಿ ವಾದ ಮಾಡಿದೆನು: ಎಷ್ಟೋ ತಲೆಮಾರು ಬದಲಿಸಬೇಕಾಗಿ ಬಾರದುದಕ್ಕೆ ಬದಲಿಸುವ ಅನುಕೂಲವೇಕೆ? ಬಸ್ಸಿನಲ್ಲಿ ಕೊಳ್ಳೇಗಾಲದವರೆಗೂ ಅದೇ ಮಾತು. ಯಾವಾಗ ಏಕಶಿಲೆ ಒಳ್ಳೆಯದು, ಯಾವಾಗ ಬಿಡಿಕಲ್ಲು ಒಳ್ಳೆಯದು, ಏಕೆ ಎಂದು ಅವನು ಬೆರಳು ಮಡಿಸಿ ಹೇಳುತ್ತಿದ್ದನು. ಡಂಪಿನಲ್ಲಿ ಆ ಪ್ರಶ್ನೆಗೆ ಒಂದು ಅಕ್ಷರ ಮಾತ್ರ ಉತ್ತರವಿರುತ್ತದೆಯೆಂದೂ ಹೇಳಿದನು.

ಈಗ ಅವನಿಗೆ ಶಲಾಕೆಯ ಚಟ ಹಿಡಿದಿದೆ. ಓದಬೇಕಾದುದನ್ನೆಲ್ಲ ಅಚ್ಚುಮಾಡಿ ದಪ್ಪ ದಾರದಿಂದ ಹೊಲಿದು ತಂದಿದ್ದಾನೆ. ನನ್ನ ಕೈಗೆ ಮನೆಯ ಹೆಣಿಗೆಯ ಕಡ್ಡಿಯನ್ನು ಕೊಟ್ಟು, ಎಲ್ಲಿಯಾದರೂ ತೂರಿಸಿ ಎನ್ನುತ್ತಾನೆ. ಆ ಪುಟದಲ್ಲಿರುವುದು ನನಗೆ ಒಂದಕ್ಷರವೂ ಅರ್ಥವಾಗುವುದಿಲ್ಲ. ಆದರೆ ಶಿರೋನಾಮವನ್ನು ಓದಿ, ಇದು ಏಕೆ, ಇಲ್ಲದಿದ್ದರೆ ಏನಾಗುತ್ತದೆ ಎಂಬ ಎರಡು ಪ್ರಶ್ನೆಗಳನ್ನು ಕೇಳಲು ಅರ್ಥವಾಗಬೇಕಾಗಿಯೂ ಇಲ್ಲ. ಮೊನ್ನೆ ಕಡ್ಡಿ ಬಿದ್ದ ಪುಟದಲ್ಲಿ, ಒಂದು ಊರಿನ ಯಂತ್ರಗಳೆಲ್ಲ ಒಮ್ಮೆಗೇ ನಿಂತರೆ ಬೇರೊಂದು ಊರಿನಿಂದ ಕೆಲಸ ಮುಂದುವರಿಸುವ ವಿಷಯವಿತ್ತು. ಮೊದಲನೆಯ ಪ್ರಶ್ನೆಗೆ ಸರಾಗವಾಗಿ ಹೇಳಿದನು. ಎರಡನೆಯದಕ್ಕೆ ಅರ್ಧದಲ್ಲಿ ತಡವರಿಸಿ ನಿಂತು, ಪುಟದ ತುದಿಯನ್ನು ಮಡಿಸಿ, “ನಾಳೆ ಹೇಳುತ್ತೇನೆ ಮೇಷ್ಟ್ರೇ” ಎಂದು ಎದ್ದು ಹೋದನು. ಪರೀಕ್ಷೆಗೆ ಇನ್ನು ಹತ್ತೊಂಬತ್ತು ದಿನಗಳಿವೆ.